ಕುದುರೆಮುಖಕ್ಕೆ ಹೋಗಲು ತಕ್ಕ ಕಾಲ ಯಾವುದು?

'ಕುದುರೆಮುಖಕ್ಕೆ ಹೋಗಬೇಕು. ಯಾವ ತಿಂಗಳು ಒಳ್ಳೆಯದು?' ಪಶ್ಚಿಮ ಘಟ್ಟಗಳ ಆಸೆ ಹೊತ್ತ ನಗರವಾಸಿಗಳು ವರ್ಷಕ್ಕೊಮ್ಮೆಯಾದರೂ ಕೇಳುವ ಪ್ರಶ್ನೆಯಿದು. ಪ್ರವಾಸಿ ಕೈಪಿಡಿಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಅಕ್ಟೋಬರ್‌ನಿಂದ ಮೇ ತನಕ. ಮಳೆಗಾಲದ ನಾಲ್ಕು ತಿಂಗಳನ್ನು ಕಳೆದು, ಉಳಿದ ಎಂಟನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ಉತ್ತರವದು.

ಈ ಉತ್ತರ ಈಗ ಸಾಲದು. ಆ ಎಂಟು ತಿಂಗಳಲ್ಲಿ ಅರ್ಧ ಕಾಲ ಬೆಟ್ಟದ ಹುಲ್ಲು ಒಂದು ಕಡ್ಡಿ ಗೀರಿದರೆ ಹೊತ್ತಿಕೊಳ್ಳುವಷ್ಟು ಒಣಗಿರುತ್ತದೆ. ಇನ್ನರ್ಧ ಕಾಲದಲ್ಲಿ ರಜೆ ಬಂದರೆ ಸಾಕು, ಬೆಟ್ಟದಲ್ಲಿ ಜಾತ್ರೆ ನೆರೆಯುತ್ತದೆ. ಇತ್ತ, ಕೈಪಿಡಿಗಳು ಬೇಡವೆಂದ ಮಳೆಗಾಲದಲ್ಲಿಯೇ ಈ ಕಾಡು ತನ್ನ ಪೂರ್ಣ ರೂಪದಲ್ಲಿರುತ್ತದೆ. ಹೀಗಾಗಿ ಯಾವ ತಿಂಗಳು ಎಂದು ಕೇಳುವ ಮೊದಲು ಇನ್ನೆರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ನಾವು ಹೋಗುತ್ತಿರುವುದು ಏನನ್ನು ನೋಡಲು? ಆ ಹೊತ್ತಿನಲ್ಲಿ ನಮ್ಮನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿ ಬೆಟ್ಟ ಇರುತ್ತದೆಯೇ?

ಒಂದೇ ಉದ್ಯಾನ, ಎರಡು ಲೋಕ

ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನವೆಂಬ ಘೋಷಣೆ ಹೊರಬಿದ್ದದ್ದು 1987ರಲ್ಲಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ಇದೂ ಒಂದು. ಒಂದು ಬದಿಯಿಂದ ನೋಡಿದಾಗ ಕುದುರೆಯ ಮುಖದಂತೆ ಕಾಣುವ, ಸುಮಾರು 1,890 ಮೀಟರ್ ಎತ್ತರದ ಶಿಖರದಿಂದ ಉದ್ಯಾನಕ್ಕೆ ಈ ಹೆಸರು ಬಂದಿದೆ.

ಇಲ್ಲಿಗೆ ಮೊದಲ ಬಾರಿ ಬಂದವರಿಗೆ ಎದ್ದು ಕಾಣುವುದು ಬೆಟ್ಟಗಳ ಬೋಳು ನೆತ್ತಿ. ಮೇಲೆಲ್ಲ ಹುಲ್ಲು, ಎರಡು ಗುಡ್ಡಗಳು ಕೂಡುವ ಮಡಿಕೆಯಲ್ಲಿ ಮಾತ್ರ ಗಾಢ ಹಸಿರಿನ ಕಾಡು. ಕಾಡು ಕಡಿದು ಬೋಳಾದ ಗುಡ್ಡಗಳಿವು ಎಂದು ಅನೇಕರು ತಪ್ಪು ತಿಳಿಯುತ್ತಾರೆ. ವಾಸ್ತವದಲ್ಲಿ ಗಾಳಿಯ ಹೊಡೆತಕ್ಕೆ ಒಡ್ಡಿಕೊಂಡ, ಮಣ್ಣು ತೆಳುವಾಗಿರುವ ಎತ್ತರದ ಇಳಿಜಾರುಗಳಲ್ಲಿ ಹುಲ್ಲು, ನೀರು ಮತ್ತು ಮಣ್ಣು ತಂಗುವ ಕಣಿವೆಗಳಲ್ಲಿ ಮರಗಳು. ಇದು ಈ ಎತ್ತರದ ಸಹಜ ವಿನ್ಯಾಸ. ಕಣಿವೆಯ ಈ ಕಾಡುಗಳನ್ನೇ ಶೋಲಾ ಎಂದು ಕರೆಯುತ್ತಾರೆ.

ಈ ಹುಲ್ಲು ಮತ್ತು ಶೋಲಾಗಳು ಒಟ್ಟಾಗಿ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುವುದು ಇಲ್ಲಿನ ಗಂಗಾಮೂಲದಲ್ಲಿ. ಮೊದಲೆರಡು ನದಿಗಳು ಪೂರ್ವಕ್ಕೆ ಹರಿದು ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ದಾವಣಗೆರೆಯ ಭತ್ತದ ಗದ್ದೆಗೂ ಮಂಗಳೂರಿನ ಮನೆಯ ನಲ್ಲಿಗೂ ಈ ಹುಲ್ಲುಗುಡ್ಡಗಳಿಗೂ ಇರುವ ನಂಟು ಇಷ್ಟು ನೇರವಾದದ್ದು. ಯಾವ ಕಾಲದಲ್ಲಿ, ಎಷ್ಟು ಜನ, ಹೇಗೆ ಇಲ್ಲಿಗೆ ಬರುತ್ತಾರೆ ಎಂಬುದು ಕೇವಲ ಪ್ರವಾಸಿಗರ ಅನುಕೂಲದ ಪ್ರಶ್ನೆಯಲ್ಲ ಎನ್ನಲು ಕಾರಣವೂ ಇದೇ.

ಮಳೆಯ ಲೆಕ್ಕಾಚಾರ

ಇಲ್ಲಿನ ಎಲ್ಲ ಋತುಗಳನ್ನೂ ಆಳುವುದು ಮಳೆ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ನೈರುತ್ಯ ಮಾರುತಕ್ಕೆ ಕರಾವಳಿಯ ಬಯಲು ದಾಟಿದೊಡನೆ ಗೋಡೆಯಂತೆ ಎದುರಾಗುವುದು ಈ ಘಟ್ಟಸಾಲು. ಗಾಳಿ ವಿಧಿಯಿಲ್ಲದೆ ಮೇಲೇರುತ್ತದೆ, ಮೇಲೇರುತ್ತ ತಣಿಯುತ್ತದೆ, ತಣಿದಾಗ ಅದರಲ್ಲಿನ ತೇವವೆಲ್ಲ ಮಳೆಯಾಗಿ ಸುರಿಯುತ್ತದೆ. ಉದ್ಯಾನದ ಕೆಲವೆಡೆ ವರ್ಷದ ಮಳೆ 6,000 ಮಿಲಿಮೀಟರ್ ದಾಟುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ.

ಮಲೆನಾಡಿನ ಕೃಷಿಕರು ಇಂದಿಗೂ ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಗುರುತಿಸುತ್ತಾರೆ. ಮೃಗಶಿರಾ ಮಳೆ ಬಾಗಿಲು ತಟ್ಟುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬಿಡುವಿಲ್ಲದೆ ಹೊಡೆಯುತ್ತವೆ. ಮಘೆ, ಹುಬ್ಬೆ ಕಳೆದು ಉತ್ತರೆಯ ಹೊತ್ತಿಗೆ ಬಿಸಿಲು ಇಣುಕುತ್ತದೆ. ಅಕ್ಟೋಬರ್‌ನಲ್ಲಿ ಬರುವ ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಗುಣವೇ ಬೇರೆ. ಬೆಳಿಗ್ಗೆ ತಿಳಿಯಾದ ಆಕಾಶ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಪ್ರವಾಸಿಗರು ಹವಾಮಾನ ವರದಿಯ ಜೊತೆಗೆ ಈ ಲೆಕ್ಕವನ್ನೂ ತಿಳಿದಿದ್ದರೆ ಅರ್ಧ ಯೋಜನೆ ಮುಗಿದಂತೆ.

ಜೂನ್–ಸೆಪ್ಟೆಂಬರ್: ನೋಡಲು ಸರಿ, ಹತ್ತಲು ಅಲ್ಲ

ಮಳೆಗಾಲದಲ್ಲಿ ಕುದುರೆಮುಖ ವ್ಯರ್ಥ ಎಂಬ ಮಾತು ಅರ್ಧ ಮಾತ್ರ ನಿಜ. ಮೊದಲ ಎರಡು ಮೂರು ವಾರಗಳ ಮಳೆಗೇ ಒಣಹುಲ್ಲಿನ ಗುಡ್ಡಗಳು ಎಳೆಹಸಿರಾಗುತ್ತವೆ. ಕಾರ್ಕಳದಿಂದ ಮಾಳ ಘಾಟಿ ಹತ್ತಿ ಶೃಂಗೇರಿಯ ಕಡೆಗೆ ಸಾಗುವ ರಸ್ತೆಯಲ್ಲಿಯೂ ಕುದುರೆಮುಖ ಪಟ್ಟಣದ ಮೂಲಕ ಕಳಸಕ್ಕೆ ಹೋಗುವ ರಸ್ತೆಯಲ್ಲಿಯೂ ಪ್ರತಿ ತಿರುವಿನಲ್ಲೊಂದು ಹೆಸರಿಲ್ಲದ ಜಲಪಾತ ಧುಮುಕುತ್ತಿರುತ್ತದೆ. ಕಪ್ಪೆಗಳು ಸಂಗಾತಿಗಳನ್ನು ಕೂಗಿ ಕರೆಯುವುದು, ಮಲಬಾರ್ ಶಿಳ್ಳೆ ಹಕ್ಕಿ ತೊರೆಯ ಬದಿಯ ಬಂಡೆಯ ಮೇಲೆ ಕುಳಿತು ಮನುಷ್ಯರಂತೆಯೇ ಶಿಳ್ಳೆ ಹಾಕುವುದು ಈ ಕಾಲದಲ್ಲಿಯೇ. ಕಾರಿನ ಕಿಟಕಿ ಇಳಿಸಿ ಕುಳಿತರೂ ಸಾಕು, ಮಳೆಗಾಡು ಎಂಬ ಮಾತಿನ ಅರ್ಥ ತಿಳಿಯುತ್ತದೆ.

ಆದರೆ ರಸ್ತೆಯಿಂದ ನೋಡುವುದು ಬೇರೆ, ಬೆಟ್ಟ ಹತ್ತುವುದು ಬೇರೆ. ಶಿಖರದ ಹಾದಿಯಲ್ಲಿ ತೊರೆಗಳನ್ನು ದಾಟಬೇಕು. ಬೆಳಿಗ್ಗೆ ಮೊಣಕಾಲಿನವರೆಗಿದ್ದ ನೀರು, ಮೇಲಿನ ಗುಡ್ಡದಲ್ಲಿ ಒಂದು ಗಂಟೆ ಜೋರು ಮಳೆ ಬಿದ್ದರೆ, ಹಿಂತಿರುಗುವ ಹೊತ್ತಿಗೆ ಸೊಂಟ ಮುಟ್ಟಬಹುದು. ಮಂಜು ಮುಸುಕಿದರೆ ಹತ್ತು ಮಾರು ಮುಂದೆ ನಡೆಯುವವರೂ ಕಾಣುವುದಿಲ್ಲ. ಶಿಖರ ತಲುಪಿದವರಿಗೆ ಅಲ್ಲಿ ಸಿಗುವುದು ಬಹುತೇಕ ದಿನಗಳಲ್ಲಿ ಬಿಳಿಯ ಗೋಡೆ ಮಾತ್ರ. ಘಾಟಿ ರಸ್ತೆಗಳಿಗೂ ಈ ಕಾಲ ಕಷ್ಟದ್ದೇ. 2019ರ ಆಗಸ್ಟ್ ತಿಂಗಳ ಮಳೆಗೆ ನೆರೆಯ ಚಾರ್ಮಾಡಿ ಘಾಟಿಯ ಹಲವೆಡೆ ಗುಡ್ಡ ಕುಸಿದು ಸಂಚಾರ ನಿಂತದ್ದು ನೆನಪಿರಬಹುದು. ಮಳೆಗಾಲದಲ್ಲೂ ಕೆಲವು ಚಾರಣಗಳಿಗೆ ಅನುಮತಿ ಸಿಗುವುದುಂಟು. ಮಳೆ ಜೋರಾದರೆ ಆ ಅನುಮತಿಯನ್ನು ಏಕಾಏಕಿ ಹಿಂತೆಗೆದುಕೊಳ್ಳುವುದೂ ಉಂಟು.

ಇನ್ನೊಂದು ಕಾರಣ ಮಣ್ಣಿಗೆ ಸಂಬಂಧಿಸಿದ್ದು. ಇಲ್ಲಿನ ಮಳೆಯಲ್ಲಿ ಹೊದಿಕೆ ಕಳೆದುಕೊಂಡ ಮಣ್ಣು ನಿಲ್ಲುವುದಿಲ್ಲ. ಇದಕ್ಕೆ ಕುದುರೆಮುಖಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ತೆರೆದ ಗಣಿ ನಡೆಸುತ್ತಿದ್ದಾಗ ಎದ್ದ ವಿರೋಧದ ಮುಖ್ಯ ಅಂಶ ಭದ್ರಾ ನದಿಗೆ ಸೇರುತ್ತಿದ್ದ ಹೂಳು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನೊಂದಿಗೆ ಗುರುತಿಸಲಾಗುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ನೀಡಿ, 2005ರ ಅಂತ್ಯದೊಳಗೆ ಗಣಿಗಾರಿಕೆ ಮುಗಿಸುವಂತೆ ಸೂಚಿಸಿತು. ಅದರಂತೆ ಗಣಿ ನಿಂತಿತು.

ಗಣಿಗೂ ಚಾರಣಿಗರ ಬೂಟುಗಳಿಗೂ ಹೋಲಿಕೆ ಸಲ್ಲದು, ನಿಜ. ಆದರೆ ಮಣ್ಣಿನ ನಿಯಮ ಎರಡಕ್ಕೂ ಒಂದೇ. ಒಂದಾಳು ನಡೆಯುವ ಕಾಲುದಾರಿ ಕೆಸರಾದಾಗ ಹಿಂದಿನಿಂದ ಬಂದವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಅದೂ ಕೆಸರಾದರೆ ಅದರ ಪಕ್ಕಕ್ಕೆ. ಹೀಗೆ ಒಂದು ವಾರಾಂತ್ಯದಲ್ಲಿ ನೂರಾರು ಜನ ನಡೆದರೆ ದಾರಿ ಅಗಲವಾಗಿ, ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಕೊರಕಲಿನ ಮಣ್ಣು ಹೋಗಿ ಸೇರುವುದು ಮತ್ತದೇ ಹೊಳೆಗಳನ್ನು. ನೆಲ ನೆನೆದಿರುವಷ್ಟು ಕಾಲ ಶಿಖರಗಳನ್ನು ಅವುಗಳ ಪಾಡಿಗೆ ಬಿಡುವುದು ಲೇಸು.

ಅಕ್ಟೋಬರ್–ಜನವರಿ: ಕಾಲ ಸರಿ, ದಿನ ನೋಡಿ

ನಡೆಯಲು ಬಯಸುವವರಿಗೆ ಅಕ್ಟೋಬರ್ ನಡುಭಾಗದಿಂದ ಜನವರಿ ನಡುಭಾಗದವರೆಗಿನ ಮೂರು ತಿಂಗಳೇ ಸೂಕ್ತ ಕಾಲ. ಮಳೆ ತೊಳೆದ ಆಕಾಶದಲ್ಲಿ ಧೂಳಿರುವುದಿಲ್ಲ. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಕರಾವಳಿಯ ಬಯಲು ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ. ಹುಲ್ಲು ಇನ್ನೂ ಹಸಿರು, ತೊರೆಗಳಲ್ಲಿ ನೀರು, ನೆಲ ಗಟ್ಟಿ. ನವೆಂಬರ್ ಕಳೆಯುತ್ತ ಹಸಿರು ಹೊಂಬಣ್ಣಕ್ಕೆ ತಿರುಗುತ್ತದೆ. ಡಿಸೆಂಬರ್‌ನಲ್ಲಿ ಬೆಳಗಿನ ಮಂಜು ಕಣಿವೆಗಳಲ್ಲಿ ಹಾಲಿನಂತೆ ನಿಂತು, ಬಿಸಿಲೇರಿದಂತೆ ಕರಗುವುದನ್ನು ಮೇಲಿನಿಂದ ನೋಡಬಹುದು.

ಈ ಮೂರು ತಿಂಗಳೊಳಗೂ ವ್ಯತ್ಯಾಸಗಳಿವೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಸಿಡಿಲಿನ ಭಯವಿರುವುದರಿಂದ ಬೆಳಕು ಹರಿಯುತ್ತಲೇ ಹೊರಟು, ಮೋಡ ಕಟ್ಟುವ ಮೊದಲೇ ಎತ್ತರದ ಬೋಳುಗುಡ್ಡದಿಂದ ಇಳಿದಿರಬೇಕು. ಮರವಿಲ್ಲದ ಗುಡ್ಡದ ಮೇಲೆ ಸಿಡಿಲಿಗೆ ಎತ್ತರದ ಗುರಿಯಾಗಿ ಸಿಗುವುದು ನಿಂತಿರುವ ಮನುಷ್ಯ ಮಾತ್ರ. ಡಿಸೆಂಬರ್‌ನಲ್ಲಿ ಸಿಡಿಲಿಲ್ಲ, ಆದರೆ ಹಗಲು ಚಿಕ್ಕದು. ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಮೇಲೆ ತಂಗಲು ಅವಕಾಶವಿಲ್ಲವಾದ್ದರಿಂದ ಕತ್ತಲೆಗೆ ಮುನ್ನ ಹಿಂತಿರುಗುವುದು ಅನಿವಾರ್ಯ. ಅಭ್ಯಾಸವಿಲ್ಲದವರು ಕುರಿಂಜಾಲ್ ಅಥವಾ ಗಂಗಡಿಕಲ್ಲಿನಂತಹ ಕಡಿಮೆ ದೂರದ ಶಿಖರಗಳನ್ನು ಆರಿಸಿಕೊಳ್ಳುವುದು ಜಾಣತನ.

ಈ ಕಾಲದ ದೊಡ್ಡ ಸಮಸ್ಯೆ ಜನದಟ್ಟಣೆ. ನವರಾತ್ರಿಯಲ್ಲಿ ಶೃಂಗೇರಿ, ಹೊರನಾಡುಗಳಿಗೆ ಬರುವ ಭಕ್ತರು, ದೀಪಾವಳಿ ಮತ್ತು ಕ್ರಿಸ್ಮಸ್ ರಜೆಯ ಪ್ರವಾಸಿಗರು, ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಚಾರಣ ತಂಡಗಳು, ಎಲ್ಲವೂ ಒಂದೇ ರಸ್ತೆಗೆ ಬಂದು ಸೇರುತ್ತವೆ. ಇದರ ಪರಿಣಾಮ ಏನಾದೀತೆಂಬುದನ್ನು 2024ರ ಜನವರಿಯಲ್ಲಿ ರಾಜ್ಯವೇ ನೋಡಿತು. ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ದೃಶ್ಯಗಳು ಎಲ್ಲೆಡೆ ಹರಿದಾಡಿದವು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿಸಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ನೋಂದಣಿ ಮಾಡಿಕೊಂಡೇ ಹೋಗಬೇಕಾಗಿದ್ದು, ಪ್ರತಿ ಪಥಕ್ಕೂ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿ ಇದೆ.

ಮಿತಿ ಇದ್ದ ಮಾತ್ರಕ್ಕೆ ಶನಿವಾರ ಭಾನುವಾರಗಳಲ್ಲಿ ಏಕಾಂತ ಸಿಗುವುದಿಲ್ಲ. ಆದ್ದರಿಂದ ತಿಂಗಳಿನಷ್ಟೇ ವಾರದ ದಿನವೂ ಮುಖ್ಯ. ಡಿಸೆಂಬರ್‌ನ ಒಂದು ಭಾನುವಾರಕ್ಕಿಂತ ನವೆಂಬರ್‌ನ ಒಂದು ಮಂಗಳವಾರ ಎಷ್ಟೋ ಮೇಲು. ಎರಡು ದಿನ ರಜೆ ಹಾಕುವುದು ಸಾಧ್ಯವಿದ್ದವರು ಹಾಗೆ ಮಾಡಿದರೆ ನೋಂದಣಿಯೂ ಸುಲಭ, ಕಾಡಿನ ಸದ್ದೂ ಕೇಳುತ್ತದೆ. ಸಿಂಗಳೀಕಗಳನ್ನು ಕಾಣುವ ಆಸೆ ಇರುವವರಿಗಂತೂ ಮೌನವೇ ಮೊದಲ ಅರ್ಹತೆ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲದ ಈ ಕಪ್ಪು ಮಂಗಗಳು ಎತ್ತರದ ಮರಗಳ ನೆತ್ತಿಯಲ್ಲೇ ಬದುಕುತ್ತವೆ. ಗದ್ದಲ ಮಾಡುವವರಿಗೆ ಅವು ಕಾಣಸಿಗುವುದಿಲ್ಲ.

ಊರಿನವರ ಕಾಲಗಣನೆಯೂ ಗಮನದಲ್ಲಿರಲಿ. ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯರು ಸೇರಿದಂತೆ ಹಲವು ಕುಟುಂಬಗಳು ತಲೆಮಾರುಗಳಿಂದ ಬದುಕುತ್ತಿವೆ. ಅಡಿಕೆ ಕೊಯ್ಲು, ಭತ್ತದ ಒಕ್ಕಲು, ಕಾಫಿ ಹಣ್ಣು ಬಿಡಿಸುವುದು, ಎಲ್ಲವೂ ಒಂದರ ಹಿಂದೊಂದರಂತೆ ಬರುವುದು ಈ ಚಳಿಗಾಲದಲ್ಲಿಯೇ. ಸಂಸೆ, ಕಳಸ ಭಾಗದ ಜೀಪು ಚಾಲಕರಿಗೆ, ಹೋಂಸ್ಟೇ ನಡೆಸುವವರಿಗೆ, ದಾರಿ ತೋರುವ ಯುವಕರಿಗೆ ವರ್ಷದ ಗಳಿಕೆಯ ದೊಡ್ಡ ಪಾಲೂ ಇದೇ ತಿಂಗಳುಗಳದ್ದು. ಪ್ರವಾಸಿಗರು ಶನಿವಾರ ಭಾನುವಾರಕ್ಕೆ ಮುಗಿಬೀಳದೆ ವಾರವಿಡೀ ಹಂಚಿಹೋದರೆ ಅವರಿಗೂ ಅನುಕೂಲ.

ಫೆಬ್ರುವರಿ–ಮೇ: ಬೆಂಕಿಯ ಕಾಲ

ಜನವರಿ ಕೊನೆಯ ಹೊತ್ತಿಗೆ ಗುಡ್ಡಗಳ ಹುಲ್ಲು ಪೂರ್ಣ ಒಣಗುತ್ತದೆ. ಅಲ್ಲಿಂದ ಮೊದಲ ಹದಮಳೆ ಬೀಳುವವರೆಗೆ ಅರಣ್ಯ ಸಿಬ್ಬಂದಿಗೆ ನಿದ್ರೆಯಿಲ್ಲ. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುವ ವೇಗ ಮನುಷ್ಯನ ಓಟವನ್ನು ಮೀರಿಸುತ್ತದೆ. ಗಾಳಿ ಸೇರಿಕೊಂಡರೆ ಅದರ ದಿಕ್ಕನ್ನು ಊಹಿಸುವುದೂ ಕಷ್ಟ. ಒಣಗಾಲದಲ್ಲಿ ಇಲ್ಲಿ ತಾನಾಗಿಯೇ ಬೆಂಕಿ ಹುಟ್ಟುವುದು ತೀರಾ ಅಪರೂಪ. ಹೊಸ ಹುಲ್ಲು ಚಿಗುರಲೆಂದು ಹಚ್ಚಿದ್ದು, ಬೇಟೆಗೆಂದು ಹಚ್ಚಿದ್ದು, ಎಸೆದ ಬೀಡಿ ಸಿಗರೇಟಿನ ತುಂಡು, ಆರಿಸದೆ ಬಿಟ್ಟ ಒಲೆ, ಹೀಗೆ ಕಾರಣ ಹುಡುಕಿದರೆ ಕೊನೆಗೆ ಸಿಗುವುದು ಮನುಷ್ಯನೇ.

ಹುಲ್ಲು ಹೇಗೂ ಮತ್ತೆ ಚಿಗುರುತ್ತದಲ್ಲ ಎಂಬ ವಾದವಿದೆ. ಬೇರಿನಿಂದ ಚಿಗುರುವ ಹುಲ್ಲಿನ ಮಟ್ಟಿಗೆ ಅದು ನಿಜ. ಆದರೆ ಬೆಂಕಿ ಹುಲ್ಲನ್ನು ಮಾತ್ರ ಸುಟ್ಟು ಹೋಗುವುದಿಲ್ಲ. ಪ್ರತಿ ಸಲವೂ ಶೋಲಾದ ಅಂಚಿನ ಎಳೆಯ ಸಸಿಗಳನ್ನು ತಿನ್ನುತ್ತ ಕಾಡನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ. ಹಾವು, ಓತಿಕ್ಯಾತ, ಹುಲ್ಲಿನ ಬುಡದಲ್ಲಿ ಬದುಕುವ ಹಕ್ಕಿಗಳು ಬೂದಿಯಾಗುತ್ತವೆ. ಬೋಳಾದ ಇಳಿಜಾರಿನ ಮೇಲೆ ಜೂನ್‌ನ ಮೊದಲ ಮಳೆ ಬಿದ್ದಾಗ ಕೊಚ್ಚಿಹೋಗುವುದು ಮತ್ತೆ ಮಣ್ಣೇ. ಇದೇ ತಿಂಗಳುಗಳಲ್ಲಿ ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗಳಿಗೆ ಕಾವು ಕೊಡುತ್ತಿರುತ್ತದೆ. ಗಂಡು ಸಣ್ಣ ಬಿರುಕಿನ ಮೂಲಕ ಹಣ್ಣು ತಂದು ಉಣಿಸುತ್ತದೆ. ಒಳಗಿರುವ ಹಕ್ಕಿಗೆ ಹಾರಿ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಮನುಷ್ಯರ ಪ್ರಾಣದ ಮಾತೂ ಇದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ ಚಾರಣಕ್ಕೆ ಬಂದಿದ್ದ 20ಕ್ಕೂ ಹೆಚ್ಚು ಮಂದಿ ಸತ್ತರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ಮೃತಪಟ್ಟರು. ಈ ಎರಡೂ ಘಟನೆಗಳು ನಡೆದದ್ದು ಪಶ್ಚಿಮ ಘಟ್ಟಗಳಲ್ಲೇ, ಕುದುರೆಮುಖದಲ್ಲಿ ಹುಲ್ಲು ಒಣಗಿ ನಿಲ್ಲುವ ತಿಂಗಳುಗಳಲ್ಲೇ. ಬೇಸಿಗೆ ಬಂತೆಂದರೆ ಅರಣ್ಯ ಇಲಾಖೆ ಚಾರಣ ಪಥಗಳನ್ನು ಮುಚ್ಚುವುದು ಸುಮ್ಮನಲ್ಲ. ಮುಚ್ಚಿದ ಮೇಲೂ 'ಹೇಗಾದರೂ ಕರೆದೊಯ್ಯುತ್ತೇವೆ' ಎನ್ನುವವರು ಸಿಕ್ಕಾರು. ಅವರ ಮಾತಿಗೆ ಕಿವಿಗೊಡದಿರುವುದೇ ಕ್ಷೇಮ.

ಮಕ್ಕಳ ರಜೆ ಏಪ್ರಿಲ್–ಮೇ ತಿಂಗಳಲ್ಲೇ ಬರುತ್ತದಲ್ಲ ಎಂದು ಹಲವರು ಕೇಳಬಹುದು. ಅಂಥವರು ಶಿಖರದ ಆಸೆ ಬಿಟ್ಟು ತಪ್ಪಲಿಗೆ ಬರಲಿ. ಹೂಮಳೆ ಬಿದ್ದ ವಾರದಲ್ಲಿ ಕಳಸದ ಸುತ್ತಲ ಕಾಫಿ ತೋಟಗಳು ಬಿಳಿ ಹೂ ಹೊದ್ದು ಘಮಘಮಿಸುತ್ತವೆ. ಹೊರನಾಡು, ಕಳಸ, ಶೃಂಗೇರಿಗಳ ದೇವಾಲಯಗಳಿವೆ. ಕಡು ಬೇಸಿಗೆಯಲ್ಲೂ ಬತ್ತದೆ ಹರಿಯುವ ಭದ್ರೆಯನ್ನು ಮಕ್ಕಳಿಗೆ ತೋರಿಸಿ, ಈ ನೀರು ಎಲ್ಲಿಂದ ಬಂತೆಂದು ಬೆಟ್ಟದತ್ತ ಕೈ ತೋರಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ.

ಕಾಣುವ ಇಂಬಳ, ಕಾಣದ ಉಣುಗು

ಕಾಲದ ಆಯ್ಕೆಯಲ್ಲಿ ಆರೋಗ್ಯದ ವಿಚಾರವೂ ಸೇರಬೇಕು. ಮಳೆಗಾಲದ ಮಲೆನಾಡೆಂದರೆ ನಗರದವರು ಹೆದರುವುದು ಇಂಬಳಕ್ಕೆ. ಕಾಲಿಗೆ ಹತ್ತಿದ ಇಂಬಳ ಒಂದಿಷ್ಟು ರಕ್ತ ಹೀರಿ ಬಿದ್ದುಹೋಗುತ್ತದೆ. ತುರಿಕೆ, ಕಿರಿಕಿರಿ ಬಿಟ್ಟರೆ ಸಾಮಾನ್ಯವಾಗಿ ಅಪಾಯವಿಲ್ಲ. ಉಪ್ಪು, ಸುಣ್ಣ ಅಥವಾ ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳುವ ಹಳೆಯ ಉಪಾಯಗಳನ್ನು ಊರಿನವರು ಹೇಳಿಕೊಡುತ್ತಾರೆ.

ನಿಜವಾಗಿ ಎಚ್ಚರ ಬೇಕಿರುವುದು ಒಣಗಾಲದ ಉಣುಗುಗಳ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗುಗಳಿಂದ. ಸೋಂಕಿನ ಕಾಲ ಹೆಚ್ಚುಕಡಿಮೆ ನವೆಂಬರ್–ಡಿಸೆಂಬರ್‌ನಲ್ಲಿ ಆರಂಭವಾಗಿ ಮಳೆ ಹಿಡಿಯುವವರೆಗೆ ಇರುತ್ತದೆ. ಎಳೆಯ ಉಣುಗು ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದು ತಿಳಿಯುವುದೇ ಇಲ್ಲ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲೂ ಈ ಕಾಯಿಲೆ ಕಾಣಿಸಿಕೊಂಡಿದೆ. ಆದ್ದರಿಂದ ಚಳಿಗಾಲದಲ್ಲಿ ಹೋಗುವವರು ಮೈತುಂಬ ಬಟ್ಟೆ ತೊಡಬೇಕು, ತರಗೆಲೆಯ ಮೇಲೆ ಕೂರಬಾರದು, ಹಿಂತಿರುಗಿದ ದಿನವೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಹೋಗಿಬಂದ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವ ಸಾಧ್ಯತೆ ಕಡಿಮೆ.

ಬೇರೆಡೆ ಏನು ಕ್ರಮ?

ಬೆಟ್ಟದ ಉದ್ಯಾನಗಳಲ್ಲಿ ಪ್ರವಾಸಿಗರ ಕಾಲವನ್ನು ಉದ್ಯಾನವೇ ನಿರ್ಧರಿಸುವುದು ಹೊಸದಲ್ಲ. ಕೇರಳದ ಮುನ್ನಾರಿನ ಬಳಿಯ ಇರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ನೀಲಗಿರಿ ವರೆಯಾಡುಗಳು ಮರಿ ಹಾಕುವ ಫೆಬ್ರುವರಿ–ಮಾರ್ಚ್ ಅವಧಿಯಲ್ಲಿ ಪ್ರತಿ ವರ್ಷ ಮುಚ್ಚಲಾಗುತ್ತದೆ. ಅಲ್ಲಿ 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2018ರಲ್ಲಿ ಹೂಬಿಟ್ಟಿತ್ತು. ಮುಂದಿನ ಸರದಿ 2030ಕ್ಕೆ. ಉತ್ತರಾಖಂಡದ ಹೂಗಳ ಕಣಿವೆ ತೆರೆದಿರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಹೂಗಳು ಅತಿ ಹೆಚ್ಚು ಅರಳುವುದು ಮಳೆ ಜೋರಾಗಿರುವ ಜುಲೈ–ಆಗಸ್ಟ್‌ನಲ್ಲೇ ಆದ್ದರಿಂದ ಹೂ ಬೇಕೆಂದವರು ಮಳೆಯನ್ನೂ ಒಪ್ಪಿಕೊಳ್ಳಬೇಕು. ಉಳಿದ ತಿಂಗಳುಗಳಲ್ಲಿ ಕಣಿವೆ ಹಿಮದಡಿ ಇರುತ್ತದೆ.

ಹಿಮ ಬಿದ್ದಾಗ ದಾರಿ ತಾನೇ ಮುಚ್ಚಿಹೋಗುತ್ತದೆ. ಕುದುರೆಮುಖಕ್ಕೆ ಆ ಬಗೆಯ ರಕ್ಷಣೆಯಿಲ್ಲ. ವರ್ಷದ ಯಾವ ದಿನವಾದರೂ ಹೆದ್ದಾರಿಯಲ್ಲಿ ಬಂದು ಇಳಿಯಬಹುದು. ಸಂಯಮ ಬರಬೇಕಾದದ್ದು ನಿಯಮದಿಂದ ಮತ್ತು ನಮ್ಮಿಂದ.

ಒಂದು ನೋಟದಲ್ಲಿ

* ಜೂನ್–ಆಗಸ್ಟ್: ರಸ್ತೆ ಪಯಣ, ಜಲಪಾತಗಳ ದೂರದ ನೋಟ, ಹಸಿರು. ಶಿಖರ ಬೇಡ. ತೊರೆ, ಜಲಪಾತಗಳಿಗೆ ಇಳಿಯುವುದು ಬೇಡ. ಹೊರಡುವ ಮುನ್ನ ಘಾಟಿ ರಸ್ತೆಯ ಸ್ಥಿತಿ ವಿಚಾರಿಸಿ.
* ಸೆಪ್ಟೆಂಬರ್: ಮಳೆಯ ಬಿಡುವು ಹೆಚ್ಚುತ್ತದೆ. ಹಸಿರು ಇನ್ನೂ ತುಂಬಿರುತ್ತದೆ. ನೆಲ ಆರಿಲ್ಲ, ಇಂಬಳ ಧಾರಾಳ.
* ಅಕ್ಟೋಬರ್ ಎರಡನೇ ಭಾಗ–ನವೆಂಬರ್: ನಡಿಗೆಗೂ ನೋಟಕ್ಕೂ ಉತ್ತಮ. ಮಧ್ಯಾಹ್ನದ ಸಿಡಿಲಿನ ಬಗ್ಗೆ ಎಚ್ಚರವಿರಲಿ.
* ಡಿಸೆಂಬರ್–ಜನವರಿ ನಡುಭಾಗ: ಚಳಿ, ಬೆಳಗಿನ ಮಂಜು, ಹೊಂಬಣ್ಣದ ಹುಲ್ಲು. ವರ್ಷಾಂತ್ಯದ ರಜೆಯನ್ನು ಬಿಟ್ಟು ಉಳಿದ ದಿನಗಳನ್ನು ಆರಿಸಿ.
* ಜನವರಿ ಕೊನೆ–ಮೇ: ಬೆಟ್ಟಕ್ಕೆ ಬಿಡುವು ಕೊಡಿ. ತಪ್ಪಲಿನ ಊರುಗಳನ್ನು ನೋಡಿ.

ಯಾವ ಕಾಲದಲ್ಲಿ ಹೋದರೂ ಕೆಲವು ನಿಯಮಗಳು ಬದಲಾಗುವುದಿಲ್ಲ. ಬೆಂಕಿಪೊಟ್ಟಣ, ಪ್ಲಾಸ್ಟಿಕ್, ಮದ್ಯ ಬೇಡ. ರಾಷ್ಟ್ರೀಯ ಹೆದ್ದಾರಿ 169 ಉದ್ಯಾನದೊಳಗೇ ಹಾದುಹೋಗುವುದರಿಂದ ವೇಗ ತಗ್ಗಿಸಿ. ರಸ್ತೆ ದಾಟುವ ಕಡವೆಗೆ, ಹಾವಿಗೆ ಹೆದ್ದಾರಿಯ ನಿಯಮ ತಿಳಿಯದು. ಎಲ್ಲೆಂದರಲ್ಲಿ ವಾಹನ ನಿಲ್ಲಿಸಿ ಅಡುಗೆ ಮಾಡುವುದು, ಮಂಗಗಳಿಗೆ ತಿಂಡಿ ಎಸೆಯುವುದು ಸಲ್ಲದು. ಪಥಗಳು ತೆರೆದಿವೆಯೇ ಎಂಬುದನ್ನು ಹೊರಡುವ ಮುನ್ನ ಅರಣ್ಯ ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳಿ. ಹಿಂದಿನ ವರ್ಷ ಹೋಗಿಬಂದವರ ಮಾತು ಈ ವರ್ಷಕ್ಕೆ ಅನ್ವಯಿಸಬೇಕೆಂದಿಲ್ಲ.

ಒಳ್ಳೆಯ ಕಾಲ ಎಂದರೆ ನಮಗೆ ಬಿಡುವಿರುವ ಕಾಲ ಎಂದೇ ನಗರದವರು ತಿಳಿಯುತ್ತೇವೆ. ಊರಿನ ನೆಂಟರ ಮನೆಗೆ ಹೋಗುವಾಗ ಮಾತ್ರ ನಾವು ಹಾಗೆ ಮಾಡುವುದಿಲ್ಲ. ಮನೆಯಲ್ಲಿ ಕೊಯ್ಲಿದೆಯೇ, ಬಾಣಂತಿ ಇದ್ದಾಳೆಯೇ, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಯೇ ಬಸ್ಸು ಹತ್ತುತ್ತೇವೆ. ಮೂರು ನದಿಗಳನ್ನು ಸಲಹುವ ಬೆಟ್ಟಕ್ಕೆ ಹೊರಡುವಾಗಲೂ ಅಷ್ಟೇ ವಿಚಾರಿಸಿಕೊಂಡರೆ, ಒಳ್ಳೆಯ ತಿಂಗಳು ಯಾವುದೆಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.